ಫೆಲನಾಪ್ಸಿಸ್ ಆರ್ಕಿಡ್‌ಗೆ ಹೊಸ ಹೂದಂಟು ಬಂದಿದೆ: ಕುಂಡ ಬದಲಿಸಬೇಕಾ, ಗೊಬ್ಬರ ಎಷ್ಟು?

ಸಪ್ತಾಪುರ ಬಾಲ್ಕನಿ (ಧಾರವಾಡ), ಡಿಸೆಂಬರ್ 12

ನಮಸ್ಕಾರ ರೀ ಎಲ್ಲರಿಗೂ. ಗಿಡ ಫೆಲನಾಪ್ಸಿಸ್, ನರ್ಸರಿಗಳಲ್ಲಿ ಬರೀ ‘ಆರ್ಕಿಡ್’ ಅಂತ ಮಾರುವ ಅಗಲ ಎಲೆಯ ಜಾತಿ. ಐದು ಎಲೆ ಇವೆ, ಎಲ್ಲವೂ ಗಟ್ಟಿ. 12 ಸೆಂ.ಮೀ. ಅಗಲದ ಪಾರದರ್ಶಕ ಪ್ಲಾಸ್ಟಿಕ್ ಕುಂಡ, ಅದನ್ನು ಪಿಂಗಾಣಿ ಕುಂಡದೊಳಗೆ ಇಳಿಸಿ ಇಟ್ಟಿದೆ. ಒಳಗೆ ಪಾಚಿ (ನರ್ಸರಿಯವರು ಮಾಸ್ ಅನ್ನುವುದು) ಮತ್ತು ಮರದ ತೊಗಟೆ ಚೂರು. ಪೂರ್ವದ ಕಿಟಕಿ, ಮೊದಲನೇ ಮಹಡಿ.

ಮೇಲಿನಿಂದ ಮೂರನೇ ಎಲೆಯ ಕಂಕುಳಲ್ಲಿ ಹಸಿರು ಮೊಳಕೆಯೊಂದು ಈಗ 3 ಸೆಂ.ಮೀ. ಆಗಿದೆ. ಅದರ ಎದುರು ಬದಿಯಲ್ಲಿ ಇನ್ನೊಂದು ಸಣ್ಣದು ಇಣುಕುತ್ತಿದೆ, ಅದು ಬೇರೋ ದಂಟೋ ತಿಳಿಯುತ್ತಿಲ್ಲ. ಕೇಳಬೇಕಾದದ್ದು ಇಷ್ಟು: ಎರಡು ಬೇರು ಕುಂಡದ ಹೊರಗೆ ಬಂದಿವೆ, ಈಗಲೇ ದೊಡ್ಡ ಕುಂಡಕ್ಕೆ ಹಾಕಬೇಕಾ? ಹೂವಿಗೆ ಅಂತ ಅಂಗಡಿಯಲ್ಲಿ 00:52:34 ಅನ್ನುವ ಗೊಬ್ಬರ ಕೊಟ್ಟಿದ್ದಾರೆ, ಲೀಟರಿಗೆ ಎಷ್ಟು ಹಾಕಬೇಕು? ಆರ್‌ಓ ಫಿಲ್ಟರಿನಿಂದ ಹೊರಗೆ ಹೋಗುವ ನೀರು ದಿನಾ ಎರಡು ಬಕೆಟ್ ಚೆಲ್ಲಿ ಹೋಗುತ್ತದೆ, ಅದನ್ನೇ ಹಾಕಬಹುದಾ? ಮತ್ತೆ ಆಸರೆಗೆ ಕಡ್ಡಿ ಯಾವಾಗ?

ಕೆಲಗೇರಿ ಕೆರೆದಂಡೆ (ಧಾರವಾಡ), ಡಿಸೆಂಬರ್ 12

ಮೊದಲು ಗುರುತು. ಹೂದಂಟಿನ ತುದಿ ಚಪ್ಪಟೆ, ಒಂದು ಕಡೆಗೆ ಸ್ವಲ್ಪ ವಾಲಿದ ಗಿಳಿಮೂತಿಯಂತೆ ಇರುತ್ತದೆ. ಮೇಲೆ ತೆಳು ಹಸಿರು ಹೊದಿಕೆ. 3-4 ಸೆಂ.ಮೀ. ಆಗುವ ಹೊತ್ತಿಗೆ ಮೊದಲ ಗೆಣ್ಣು (ಕಬ್ಬಿನಲ್ಲಿ ಗಣಿಕೆ ಅನ್ನುತ್ತೇವಲ್ಲ, ಅದೇ) ಕಾಣುತ್ತದೆ, ಅದನ್ನು ಸುತ್ತಿಕೊಂಡು ತ್ರಿಕೋನದ ಸಣ್ಣ ಸಿಪ್ಪೆ. ಬೇರಿನ ತುದಿ ಬೆಂಕಿಕಡ್ಡಿಯ ತಲೆಯಂತೆ ದುಂಡಗೆ, ನುಣ್ಣಗೆ ಹೊಳೆಯುತ್ತದೆ. ಹಸಿರು ಇಲ್ಲವೇ ಕಂದುಗೆಂಪು ಬಣ್ಣ. ಒಂದು ಸೆಂಟಿಮೀಟರ್ ದಾಟಿದ ಮೇಲೆ ಬೇರಿನ ಹಿಂಭಾಗ ಬೆಳ್ಳಿಬೂದಿ ಬಣ್ಣಕ್ಕೆ ತಿರುಗುತ್ತದೆ, ದಂಟು ಹಾಗೆ ತಿರುಗುವುದಿಲ್ಲ. ನೀವು ಹೇಳಿದ ಮೊದಲನೆಯದು ಇರುವ ಜಾಗ, ಬಣ್ಣ ನೋಡಿದರೆ ದಂಟೇ. ಎರಡನೆಯದಕ್ಕೆ ಒಂದು ವಾರ ಕೊಡಿ, ಬೆರಳಿನಿಂದ ಕೆದಕಬೇಡಿ. ಆ ತುದಿ ಉಗುರು ತಾಗಿದರೂ ಜಜ್ಜಿ ನಿಂತುಬಿಡುತ್ತದೆ.

ಕುಂಡ ಬದಲಿಸುವುದು ಈಗ ಬೇಡವೇ ಬೇಡ. ಈ ಗಿಡ ಕಾಡಿನಲ್ಲಿ ಮರದ ತೊಗಟೆ ಹಿಡಿದು ಬೆಳೆಯುವಂಥದ್ದು, ಗಾಳಿಗೆ ಬೇರು ಚಾಚುವುದು ಅದರ ಸ್ವಭಾವ. ಹೊರಗೆ ಬಂದ ಬೇರು ‘ಜಾಗ ಸಾಲದು’ ಅನ್ನುವ ಸೂಚನೆಯಲ್ಲ. ಕುಂಡ ಬದಲಿಸುವಾಗ ಎಷ್ಟೇ ನಾಜೂಕು ಮಾಡಿದರೂ ಒಂದಷ್ಟು ಬೇರು ಮುರಿಯುತ್ತವೆ, ಉಳಿದವು ಹೊಸ ತೊಗಟೆ-ಪಾಚಿಗೆ ಒಗ್ಗಿಕೊಂಡು ನೀರು ಎಳೆಯಲು ವಾರಗಟ್ಟಲೆ ಬೇಕು. ಆ ಅವಧಿಯಲ್ಲಿ ದಂಟು ನಿಲ್ಲುತ್ತದೆ, ಇಲ್ಲವೇ ಮೊಗ್ಗು ಉದುರುತ್ತವೆ. ಹೂ ಮುಗಿದ ಮೇಲೆ ಮಾಡಿ. ಒಂದೇ ಒಂದು ವಿನಾಯಿತಿ ಇದೆ: ಕುಂಡದಿಂದ ಕೊಳೆತ ವಾಸನೆ ಬಂದು, ಪಾರದರ್ಶಕ ಗೋಡೆಯಲ್ಲಿ ಕಾಣುವ ಬೇರುಗಳು ಕಂದು ಬಣ್ಣದಲ್ಲಿ ಮೆತ್ತಗಾಗಿದ್ದರೆ ದಂಟಿನ ಆಸೆ ಬಿಟ್ಟು ಗಿಡ ಉಳಿಸಿಕೊಳ್ಳಬೇಕು. ನಿಮ್ಮ ಎಲೆ ಗಟ್ಟಿ ಇವೆ ಅಂದಮೇಲೆ ಆ ಸ್ಥಿತಿ ಇರಲಾರದು.

ಪಿಂಗಾಣಿ ಕುಂಡದ ಬಗ್ಗೆ ಮಾತ್ರ ಎಚ್ಚರ. ಅದಕ್ಕೆ ತಳದಲ್ಲಿ ತೂತು ಇರುವುದಿಲ್ಲ, ಹಾಕಿದ ನೀರು ಕೆಳಗೆ ನಿಂತು ಒಳಗಿನ ಬೇರು ಮುಳುಗುತ್ತವೆ. ನೀರು ಹಾಕುವಾಗ ಪ್ಲಾಸ್ಟಿಕ್ ಕುಂಡ ಹೊರಗೆ ತೆಗೆಯಿರಿ, ಅರ್ಧ ಲೀಟರಿನಷ್ಟು ನೀರು ನಿಧಾನಕ್ಕೆ ಸುತ್ತಲೂ ಹರಿಯಬಿಡಿ, ಕಾಲು ತಾಸು ಬಸಿಯಲು ಬಿಟ್ಟು ಆಮೇಲೆ ಒಳಗಿಡಿ. ಯಾವಾಗ ಹಾಕಬೇಕು ಅನ್ನುವುದಕ್ಕೆ ವಾರದ ಲೆಕ್ಕ ಹಿಡಿಯಬೇಡಿ. ಗೋಡೆಗೆ ಅಂಟಿದ ಬೇರು ಹಸಿರಾಗಿದ್ದರೆ ನೀರು ಇದೆ. ಬೆಳ್ಳಿಬೂದಿ ಆಗಿದ್ದರೆ, ಕುಂಡ ಎತ್ತಿದಾಗ ಹಗುರ ಅನಿಸಿದರೆ, ಹಾಕಿ. ಪಾಚಿ ಇರುವ ಕುಂಡಕ್ಕೆ ಈ ಚಳಿಯಲ್ಲಿ ಏಳೆಂಟು ದಿನ ಹಿಡಿಯಬಹುದು, ಬರೀ ತೊಗಟೆ ಇದ್ದರೆ ನಾಲ್ಕೈದು. ನರ್ಸರಿ ಗಿಡಗಳ ನಟ್ಟನಡುವೆ ಬುಡದ ಕೆಳಗೆ ಪಾಚಿಯ ಒಂದು ಗಟ್ಟಿ ಉಂಡೆ ಇರುತ್ತದೆ. ಹೊರಗಡೆ ಒಣಗಿದರೂ ಅದು ಒದ್ದೆಯಾಗೇ ಇರುತ್ತದೆ. ಬಿದಿರಿನ ಸಣ್ಣ ಕಡ್ಡಿ ನಡುವೆ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆದು ನೋಡಿದರೆ ಗೊತ್ತಾಗುತ್ತದೆ.

ಟಾಕಿಯ ನೀರು ಡಿಸೆಂಬರ್ ಬೆಳಗ್ಗೆ ಕೈಗೆ ಕೊರೆಯುವಷ್ಟು ತಣ್ಣಗಿರುತ್ತದೆ. ಅದನ್ನು ನೇರ ಸುರಿಯಬೇಡಿ. ಹಿಂದಿನ ರಾತ್ರಿಯೇ ಬಕೆಟ್‌ನಲ್ಲಿ ತುಂಬಿ ಮನೆಯೊಳಗೆ ಇಟ್ಟರೆ ಕೋಣೆಯ ಬಿಸಿಗೆ ಬರುತ್ತದೆ, ಕ್ಲೋರಿನ್ ಕೂಡ ಸ್ವಲ್ಪ ಹಾರಿಹೋಗುತ್ತದೆ. ನಡುವಿನ ಎಲೆಗಳ ಗುಂಡಿಯಲ್ಲಿ ನೀರು ನಿಂತರೆ ಟಿಶ್ಯೂ ಕಾಗದದ ಮೂಲೆ ಇಳಿಸಿ ಹೀರಿಸಿ. ರಾತ್ರಿಯಿಡೀ ನಿಂತರೆ ಸುಳಿ ಕೊಳೆಯುತ್ತದೆ. ಈ ಗಿಡಕ್ಕೆ ಇರುವುದು ಒಂದೇ ಸುಳಿ.

ಜಾಗದ ಮಾತು. ದಂಟು ಹೊರಡಿಸುವುದು ತಂಪು. ಹಗಲು 25ರ ಆಸುಪಾಸು, ರಾತ್ರಿ 17-20 ಡಿಗ್ರಿ ಕೆಲವು ವಾರ ಸಿಕ್ಕರೆ ಹೊರಡುತ್ತದೆ; ಹಗಲು 28ರ ಮೇಲೇ ಉಳಿದರೆ ಹೊರಡುವುದಿಲ್ಲ. ಅದಕ್ಕೇ ನಮ್ಮ ಕಡೆ ದಸರಾ-ದೀಪಾವಳಿ ಕಳೆದ ಮೇಲೆ ದಂಟು ಕಾಣಿಸುವುದು. ಹೊರಟ ಮೇಲೂ 5 ಸೆಂ.ಮೀ. ಆಗುವವರೆಗೆ ಅದು ಬಿಸಿಗೆ ಹೆದರುತ್ತದೆ: ಆ ಎಳೆತನದಲ್ಲಿ ಸೆಕೆ ಹತ್ತಿದರೆ ಬೆಳವಣಿಗೆ ನಿಲ್ಲುತ್ತದೆ, ಇಲ್ಲವೇ ಹೂವಿನ ಬದಲು ಗೆಣ್ಣಿನಲ್ಲಿ ಮರಿಗಿಡ ಹುಟ್ಟುತ್ತದೆ. ಮಧ್ಯಾಹ್ನ ಕಾದ ಪಶ್ಚಿಮದ ಗೋಡೆ, ಫ್ರಿಜ್ಜಿನ ನೆತ್ತಿ, ಟಿವಿ ಪಕ್ಕ ಬೇಡ. ಹಾಗಂತ ರಾತ್ರಿ ಕಿಟಕಿ ತೆರೆದೂ ಇಡಬೇಡಿ. ಹೊರಗೆ 14-15ಕ್ಕೆ ಇಳಿದಾಗ ಒಳಗೆ ಮೂರ್ನಾಲ್ಕು ಡಿಗ್ರಿ ಹೆಚ್ಚಿರುತ್ತದೆ, ಅದು ಸಾಕು. ಎಲೆ ಗಾಜಿಗೆ ತಾಗದಿರಲಿ.

ಪೂರ್ವದ ಕಿಟಕಿಯೇ ಒಳ್ಳೆಯದು. ಒಂಬತ್ತರವರೆಗಿನ ಎಳೆಬಿಸಿಲು ನೇರ ಬಿದ್ದರೆ ಅಡ್ಡಿಯಿಲ್ಲ, ಆಮೇಲೆ ತೆಳು ಪರದೆ ಎಳೆಯಿರಿ. ಎಲೆಗಳ ಮೇಲೆ ಒಂದಡಿ ಎತ್ತರದಲ್ಲಿ ಅಂಗೈ ಹಿಡಿಯಿರಿ: ನೆರಳು ಬಿದ್ದು ಅಂಚು ಮಸುಕಾಗಿದ್ದರೆ ಬೆಳಕು ಸರಿ, ಅಂಚು ಕತ್ತರಿಸಿದಂತೆ ಇದ್ದರೆ ಹೆಚ್ಚು, ನೆರಳೇ ಕಾಣದಿದ್ದರೆ ಕಡಿಮೆ. ಎಲೆ ಮುಟ್ಟಿದರೆ ಬೆಚ್ಚಗಾಗಿದ್ದರೆ ಅದೂ ಹೆಚ್ಚೇ. ಬೆಳಕು ಕಡಿಮೆಯಾದರೆ ದಂಟು ಬಂದರೂ ಹತ್ತು ಮೊಗ್ಗಿನ ಜಾಗದಲ್ಲಿ ನಾಲ್ಕು.

ಇನ್ನು ಕುಂಡ ತಿರುಗಿಸುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಕಿಟಕಿಯ ಕಡೆ ಮುಖ ಮಾಡಿದ ಬದಿಗೆ ಮಾರ್ಕರಿನಿಂದ ಒಂದು ಗೆರೆ ಎಳೆಯಿರಿ. ನೀರಿಗೆ ತೆಗೆದಾಗಲೆಲ್ಲ ಆ ಗೆರೆ ಮತ್ತೆ ಕಿಟಕಿಗೇ ಬರಬೇಕು. ದಂಟು ಬೆಳಕಿನ ಕಡೆ ಬೆಳೆಯುತ್ತದೆ, ಮೊಗ್ಗುಗಳು ಬೆಳಕು ನೋಡಿಕೊಂಡು ಎರಡು ಸಾಲಾಗಿ ನಿಲ್ಲುತ್ತವೆ. ನಡುವೆ ತಿರುಗಿಸಿದರೆ ದಂಟು ಹಾವಿನ ಹಾಗೆ ಸೊಟ್ಟಾಗುತ್ತದೆ, ಹೂವೂ ಒಂದು ಆ ಕಡೆ ಒಂದು ಈ ಕಡೆ ನೋಡುತ್ತದೆ.

ಈಗಿನಿಂದ ಮೊದಲ ಹೂವಿಗೆ ಎರಡೂವರೆಯಿಂದ ಮೂರೂವರೆ ತಿಂಗಳು. ಮೊದಲ ತಿಂಗಳು ಬೇಸರ ಬರುವಷ್ಟು ನಿಧಾನ.

ಹಳೇಹುಬ್ಬಳ್ಳಿ ಅಂಗಳ (ಹುಬ್ಬಳ್ಳಿ), ಡಿಸೆಂಬರ್ 13

ಮ್ಯಾಲಿನವರು ಹೇಳಿದ್ದು ಖರೇ ಐತಿ. ಕಡ್ಡಿ ವಿಷಯ ನಾ ಹೇಳ್ತೀನಿ, ಯಾಕಂದ್ರ ದಂಟು ಮುರಿಯೂದು ಹೆಚ್ಚಾಗಿ ಇಲ್ಲೇ ನೋಡ್ರಿ.

ಮೂರು ಸೆಂಟಿಮೀಟರ್ ದಂಟಿಗೆ ಕಡ್ಡಿ ಬ್ಯಾಡ. 12-15 ಸೆಂ.ಮೀ. ಆಗಲಿ, ಅಷ್ಟರಾಗ ಅದು ಯಾವ ಕಡೆ ವಾಲತೈತಿ ಅನ್ನೂದು ಗೊತ್ತಾಗತೈತಿ. 45 ಸೆಂ.ಮೀ. ಉದ್ದ, ಪೆನ್ಸಿಲಿಗಿಂತ ಸಣ್ಣ ಬಿದಿರಿನ ಕಡ್ಡಿ ಸಾಕು. ಊದಿನಕಡ್ಡಿ ಬಿದಿರು ಭಾಳ ಸಣ್ಣದು, ಹೂ ಭಾರಕ್ಕ ಬಾಗತೈತಿ. ದಂಟಿನ ಹಿಂದ, ಅದರಿಂದ ಎರಡು ಬೆರಳು ದೂರ, ಕಡ್ಡಿ ಸಾವಕಾಶ ತಿರುವಿಕೋತ ಇಳಿಸ್ರಿ. ನಡುವ ಏನರ ತಡೀತು ಅಂದ್ರ ಒತ್ತಬ್ಯಾಡ್ರಿ, ಅದು ಬೇರ ಇರತೈತಿ; ಕಡ್ಡಿ ತಗದು ಒಂದು ಸೆಂಟಿಮೀಟರ್ ಬಾಜೂಕ ಹಾಕ್ರಿ. ನಿಮ್ಮದು ಪಾರದರ್ಶಕ ಕುಂಡ ಐತಿ, ಹೊರಗಿಂದ ನೋಡಿ ಬೇರ ಇರಲಾರದ ಜಾಗ ಹುಡುಕಬಹುದು. ಕಡ್ಡಿ ಈಗ ಇಳಿಸಿ ಇಟ್ಟರೂ ನಡೀತೈತಿ, ಕಟ್ಟೂದು ಮಾತ್ರ ಆಮ್ಯಾಲೆ.

ಮೊದಲನೇ ಕ್ಲಿಪ್ ಎರಡನೇ ಗಣಿಕಿ ಕೆಳಗ. ಗಣಿಕಿ ಮ್ಯಾಲೆ ಬಿಗಿದ್ರ ಅದರೊಳಗಿನ ಕಣ್ಣು ಕೆಡತೈತಿ, ಮುಂದ ಅಲ್ಲಿಂದ ಟೊಂಗಿ ಒಡಿಯೂದಿಲ್ಲ. ಕ್ಲಿಪ್ಪಿನೊಳಗ ದಂಟು ಆಡುವಷ್ಟು ಸಡಿಲ ಇರಲಿ, ಯಾಕಂದ್ರ ದಂಟು ದಪ್ಪ ಆಗತೈತಿ. ಹೆಣ್ಣುಮಕ್ಕಳು ಕೂದಲಿಗೆ ಹಾಕೂ ಸಣ್ಣ ಹಲ್ಲಿನ ಕ್ಲಿಪ್ ಛಲೋ ಕೆಲಸ ಮಾಡ್ತಾವು. ಇಲ್ಲಂದ್ರ ಉಣ್ಣಿ ದಾರ, 8ರ ಅಂಕಿ ಹಂಗ ಒಂದು ಸುತ್ತು ದಂಟಿಗೆ, ಒಂದು ಸುತ್ತು ಕಡ್ಡಿಗೆ. ತಾಮ್ರದ ತಂತಿ, ಸಣ್ಣ ಪ್ಲಾಸ್ಟಿಕ್ ದಾರ ಕೊಯ್ತಾವು. ಪ್ರತಿ 8-10 ಸೆಂ.ಮೀ.ಗೆ ಒಂದು. ಬೆಳಿಯೂ ತುದಿ ಇಂದ ನಾಲ್ಕು ಬೆರಳು ಯಾವಾಗಲೂ ಬಿಟ್ಟಿರಬೇಕು. ಮೊದಲನೇ ಮೊಗ್ಗಿ ಕೆಳಗ ಕಡೇ ಕ್ಲಿಪ್ ಹಾಕಿ ಮುಗಸ್ರಿ, ಅಲ್ಲಿಂದ ಮ್ಯಾಲಿಂದು ತಾನ ಬಾಗಿ ಕಮಾನು ಆಗತೈತಿ. ತುದಿ ತನಕಾ ಕೋಲಿನಂಗ ನೆಟ್ಟಗ ಕಟ್ಟಿದ್ರ ಹೂವು ಒಂದರ ಮ್ಯಾಲೊಂದು ಬಿದ್ದು ನೋಡಾಕ ಚಂದ ಇರೂದಿಲ್ಲ.

ಬಗ್ಗಿಸೂದಿದ್ರ ಒಂದ ದಿನಕ್ಕ ಮಾಡಬ್ಯಾಡ್ರಿ. ನೀರು ಹಾಕಿದ ದಿನ ದಂಟು ತುಂಬಿಕೊಂಡು ಗಾಜಿನ ಬಳಿಯಂಗ ಪಟ್ ಅಂತೈತಿ. ನೀರಿಗೆ ಒಂದು ದಿನ ಮೊದಲು, ಸಂಜೀ ಮುಂದ, ಹೆಬ್ಬೆರಳು ಹಿಂದ ಆನಿಸಿ ಒಂದು ಬೆರಳಿನಷ್ಟು ಕಡ್ಡಿ ಕಡೆ ತರ್ರಿ. ನಾಲ್ಕೈದು ದಿನ ಬಿಟ್ಟು ಮತ್ತ ಒಂದು ಬೆರಳು. ಅಕಸ್ಮಾತ್ ಅರ್ಧ ಸೀಳಿದ್ರ ಬೆಂಕಿಕಡ್ಡಿ ಎರಡೂ ಬಾಜೂಕ ಇಟ್ಟು ಟೇಪ್ ಸುತ್ರಿ, ನೀರು ಹರಿಯೂ ನಾಳ ಉಳದಿದ್ರ ದಂಟು ಬದುಕತೈತಿ. ಪೂರಾ ಮುರದ್ರ ತುದಿ ಹೋತು, ಆದ್ರ ಬುಡದ ತನಕಾ ಕೊಯ್ಯಬ್ಯಾಡ್ರಿ. ಕೆಳಗ ಎರಡು ಮೂರು ಗಣಿಕಿ ಇದ್ರ ಮ್ಯಾಲಿನ ಗಣಿಕಿಯಿಂದ ಟೊಂಗಿ ಬರೂ ಸಾಧ್ಯತಾ ಐತಿ.

ಕಡ್ಡಿ ಹಾಕಲೇಬೇಕು ಅಂತನೂ ಇಲ್ರಿ. ಭಾರದ ಕುಂಡ, ಓಡಾಡೂ ಮಂದಿ ಕೈ ತಾಗದ ಜಾಗ ಇದ್ರ ತಾನ ಬಾಗಲಿ ಬಿಡ್ರಿ. ದಾಂಡೇಲಿ ಕಡೆ ಮರದ ಮ್ಯಾಲಿನ ಸೀತಾಳೆ ದಂಡಿಗೆ (ಅದೂ ಕಾಡಿನ ಆರ್ಕಿಡ್ಡ) ಯಾರು ಕಡ್ಡಿ ಕೊಡ್ತಾರ? ಅದರ ದಂಟು ಜೋತು ಬೀಳೂದ ಚಂದ. ಫೆಲನಾಪ್ಸಿಸ್‌ದೂ ಹುಟ್ಟುಗುಣ ಅದ, ಕಡ್ಡಿ ನಮ್ಮ ಅನುಕೂಲಕ್ಕ.

ಬೆಟಗೇರಿ ಮಳೆನೀರು (ಗದಗ), ಡಿಸೆಂಬರ್ 13

ಆರ್‌ಓ ಹೊರಹಾಕುವ ನೀರನ್ನು ಈ ಗಿಡಕ್ಕೆ ಹಾಕಲೇಬೇಡಿ. ಕುಡಿಯುವ ನೀರಿನಿಂದ ತೆಗೆದ ಲವಣವೆಲ್ಲ ಅದರಲ್ಲೇ ಸೇರಿರುತ್ತದೆ, ಅಂದರೆ ನಿಮ್ಮ ನಳದ ನೀರಿಗಿಂತ ಅದು ಹೆಚ್ಚು ಉಪ್ಪು. ನೆಲ ಒರೆಸಲು, ಪಾಯಖಾನೆಗೆ ಬಳಸಿ. ಆರ್ಕಿಡ್ ಬೇರಿನ ಮೇಲಿರುವ ಬೆಳ್ಳಿಯ ಪದರ ಸ್ಪಂಜಿನಂತೆ ನೀರು ಹೀರುತ್ತದೆ. ನೀರು ಆರಿದಂತೆ ಲವಣ ಅಲ್ಲೇ ಉಳಿದು ಬೇರಿನ ತುದಿ ಸುಟ್ಟು ಕಪ್ಪಾಗುತ್ತದೆ. ಕುಂಡದ ಅಂಚಿಗೆ, ತೊಗಟೆ ಚೂರಿಗೆ ಬಿಳಿ ಪುಡಿ ಕಟ್ಟಿದ್ದರೆ ಅದೇ ಇದು.

ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಪೆನ್ ಒಂದು ಕೊಂಡುಕೊಳ್ಳಿ, ದುಬಾರಿ ಅಲ್ಲ. ಅದು ತೋರಿಸುವ ಅಂಕಿ 150ರ ಒಳಗೆ ಇದ್ದರೆ ಉತ್ತಮ. 300ರವರೆಗೆ ನಡೆಯುತ್ತದೆ, ಆದರೆ ತಿಂಗಳಿಗೊಮ್ಮೆ ಗೊಬ್ಬರವಿಲ್ಲದ ಒಳ್ಳೆ ನೀರಿನಿಂದ ಚೆನ್ನಾಗಿ ತೊಳೆಯಬೇಕು. 500 ದಾಟಿದರೆ ಹಾಗೇ ಹಾಕಬೇಡಿ, ಬೆರೆಸಿ. ಧಾರವಾಡ-ಹುಬ್ಬಳ್ಳಿಯ ಮಲಪ್ರಭೆ ನೀರಿಗೂ ನಮ್ಮ ಬೋರ್ ನೀರಿಗೂ ಅಜಗಜಾಂತರ, ಹಾಗಾಗಿ ಒಬ್ಬರ ಮನೆಯ ಲೆಕ್ಕ ಇನ್ನೊಬ್ಬರಿಗೆ ಬರುವುದಿಲ್ಲ. ಬೆರಕೆಯ ಲೆಕ್ಕ ಸುಲಭ. 900 ತೋರಿಸುವ ಬೋರ್ ನೀರು 1 ಲೀಟರ್, 40 ತೋರಿಸುವ ಆರ್‌ಓ ಕುಡಿಯುವ ನೀರು 3 ಲೀಟರ್ ಕೂಡಿಸಿದರೆ: 900 ಮತ್ತು 120, ಒಟ್ಟು 1020, ಭಾಗಿಸು 4, ಅಂದರೆ 255. ಬರೀ ಆರ್‌ಓ ನೀರನ್ನೇ ತಿಂಗಳುಗಟ್ಟಲೆ ಹಾಕುವುದೂ ಸರಿಯಲ್ಲ, ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುವುದಿಲ್ಲ. ಮಾಳಿಗೆಯ ಮಳೆನೀರು ಹಿಡಿದಿಟ್ಟಿದ್ದರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಮೊದಲ ಮಳೆಯ ನೀರು ಮಾತ್ರ ಹೊರಗೆ ಬಿಡಬೇಕು.

ಇನ್ನು 00:52:34. ಅದರಲ್ಲಿ ಸಾರಜನಕ ಸೊನ್ನೆ, ರಂಜಕ 52, ಪೊಟ್ಯಾಷ್ 34. ‘ಹೂವಿಗೆ ರಂಜಕ’ ಎಂಬ ಮಾತು ಅಂಗಡಿಯಲ್ಲಿ ಬಹಳ ಓಡುತ್ತದೆ, ಆದರೆ ಈ ಗಿಡದಲ್ಲಿ ದಂಟು ಬರಬೇಕೋ ಬೇಡವೋ ಎಂದು ತೀರ್ಮಾನಿಸಿದ್ದು ಚಳಿ, ಅದು ಆಗಲೇ ಮುಗಿದ ಮಾತು. ಈಗ ಗಿಡ 50-60 ಸೆಂ.ಮೀ. ಹಸಿರು ದಂಟು ಕಟ್ಟಬೇಕು, ಅದಕ್ಕೆ ಸಾರಜನಕವೂ ಬೇಕು. 19:19:19 ತನ್ನಿ, ಲೀಟರಿಗೆ ಅರ್ಧ ಗ್ರಾಂ. ತಕ್ಕಡಿ ಇಲ್ಲದಿದ್ದರೆ 5 ಮಿ.ಲೀ. ಟೀ ಚಮಚೆಯ ಕಾಲು ಭಾಗ ಎರಡೂವರೆ ಲೀಟರಿಗೆ. ಹೊಲದ ಮೆಣಸಿನಕಾಯಿಗೆ ಲೀಟರಿಗೆ 5 ಗ್ರಾಂ ಸಿಂಪಡಿಸುವ ಕೈ ಇಲ್ಲಿ ಬೇಡ. ಒಣಬೇರಿಗೆ ಗೊಬ್ಬರ ಹಾಕಬೇಡಿ. ಮೊದಲು ಬರೀ ನೀರು, ಹತ್ತು ನಿಮಿಷ ಬಿಟ್ಟು ಗೊಬ್ಬರದ ನೀರು. ಮೂರು ಸಲ ಗೊಬ್ಬರ, ನಾಲ್ಕನೇ ಸಲ ಬರೀ ನೀರು. ಮೊದಲ ಎರಡು ಮೂರು ಹೂ ಅರಳಿದ ಮೇಲೆ ನಿಲ್ಲಿಸಿದರೂ ನಷ್ಟವಿಲ್ಲ.

19:19:19ರಲ್ಲಿ ಒಂದು ಕೊರತೆ ಇದೆ. ಅದರ ಸಾರಜನಕದ ಅರ್ಧಕ್ಕಿಂತ ಹೆಚ್ಚು ಯೂರಿಯಾ ರೂಪದ್ದು. ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಅದನ್ನು ಬೇಗ ಒಡೆದು ಕೊಡುತ್ತವೆ, ತೊಗಟೆ-ಪಾಚಿಯ ಕುಂಡದಲ್ಲಿ ಆ ಕೆಲಸ ನಿಧಾನ, ಒಂದು ಪಾಲು ನೀರಿನ ಜೊತೆ ಬಸಿದುಹೋಗುತ್ತದೆ. ಅದಕ್ಕೆ ತಿಂಗಳಿಗೊಮ್ಮೆ ಕ್ಯಾಲ್ಸಿಯಂ ನೈಟ್ರೇಟ್ ಲೀಟರಿಗೆ ಅರ್ಧ ಗ್ರಾಂ ಕೊಟ್ಟರೆ ಸಾರಜನಕವೂ ಕ್ಯಾಲ್ಸಿಯಂ ಕೂಡ ಸಿಗುತ್ತದೆ. ಇದನ್ನು 19:19:19 ಅಥವಾ 00:52:34 ಜೊತೆ ಒಂದೇ ಬಕೆಟ್ಟಿನಲ್ಲಿ ಕಲಸಬೇಡಿ, ರಂಜಕದ ಜೊತೆ ಸೇರಿ ಸುಣ್ಣದಂತೆ ತಳಕ್ಕೆ ಕೂರುತ್ತದೆ. ಬೇರೆ ಬೇರೆ ವಾರ ಹಾಕಿ.

ಕೊಂಡ 00:52:34 ಹಾಳು ಮಾಡಬೇಕಿಲ್ಲ, ದಾಸವಾಳ, ಮಲ್ಲಿಗೆಗೆ ಆಗುತ್ತದೆ. ಮಜ್ಜಿಗೆ, ಅಕ್ಕಿ ತೊಳೆದ ನೀರು, ಬಾಳೆಸಿಪ್ಪೆ ನೀರು, ಎರೆಗೊಬ್ಬರ ಯಾವುದೂ ಈ ಕುಂಡಕ್ಕೆ ಬೇಡ. ಗಾಳಿಯಾಡುವ ಸಂದುಗಳು ಮುಚ್ಚಿ ಬೇರು ಕೊಳೆಯುತ್ತವೆ, ಮೇಲಿಂದ ಗುಂಗಾಡು ಬೇರೆ.

ವರದಾ ತೀರ (ಹಾವೇರಿ), ಡಿಸೆಂಬರ್ 14

ರಂಜಕದ ಮಾತಿಗೆ ಒಂದು ತಿದ್ದುಪಡಿ: 00:52:34 ವಿಷವಲ್ಲ. ಮೂರು ವಾರಕ್ಕೊಮ್ಮೆ ಲೀಟರಿಗೆ ಅರ್ಧ ಗ್ರಾಂ ಕೊಟ್ಟರೆ ಗಿಡಕ್ಕೆ ಕೇಡಿಲ್ಲ. ಅದನ್ನೇ ಒಂದೇ ಗೊಬ್ಬರವಾಗಿ ನಂಬುವುದು ತಪ್ಪು, ಅಷ್ಟೇ.

ನಾನು ಹೇಳಬೇಕಾದದ್ದು ಮೊಗ್ಗಿನ ಹಂತದ ಬಗ್ಗೆ. ದಂಟು ಚೆನ್ನಾಗಿ ಬಂದು, ಅವರೆಕಾಳಿನಷ್ಟು ಮೊಗ್ಗು ಆದಮೇಲೆ ಒಂದು ಬೆಳಗ್ಗೆ ಹಳದಿಯಾಗಿ, ಸುಕ್ಕುಗಟ್ಟಿ, ಮುಟ್ಟಿದರೆ ತೊಟ್ಟಿನಿಂದ ಕಳಚಿ ಬೀಳುತ್ತವೆ. ಯಾವ ರೀತಿ ಉದುರಿತು ಎಂಬುದರಲ್ಲೇ ಕಾರಣ ಇರುತ್ತದೆ. ತುದಿಯ ಒಂದೆರಡು ಸಾಸಿವೆ ಗಾತ್ರದ ಮೊಗ್ಗು ಒಣಗಿದರೆ ಅದು ಸಹಜ, ಗಿಡ ತನ್ನ ಶಕ್ತಿಗೆ ತಕ್ಕಷ್ಟು ಇಟ್ಟುಕೊಳ್ಳುತ್ತದೆ. ದೊಡ್ಡ ಮೊಗ್ಗೂ ಸಣ್ಣ ಮೊಗ್ಗೂ ಎರಡು ಮೂರು ದಿನದಲ್ಲಿ ಒಟ್ಟಿಗೆ ಹೋದರೆ ಏನೋ ಆಘಾತ: ಜಾಗ ಬದಲಾಯಿತು, ಬೇರು ಪೂರ್ತಿ ಒಣಗಿತು, ಎಸಿಯ ಗಾಳಿ ನೇರ ಬಡಿಯಿತು, ಇಲ್ಲವೇ ಎಥಿಲೀನ್.

ಎಥಿಲೀನನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಣ್ಣಾಗುವ ಬಾಳೆ, ಮಾವು, ಸೇಬು ಬಿಡುವ ಅನಿಲ ಅದು, ಹೊಗೆಯಲ್ಲೂ ಇರುತ್ತದೆ. ಫೆಲನಾಪ್ಸಿಸ್ ಮೊಗ್ಗಿಗೆ ಬಹಳ ಸ್ವಲ್ಪ ತಾಗಿದರೂ ಸಾಕು. ಬಾಳೆಗೊನೆ ತೂಗುಹಾಕಿದ ಅಡುಗೆಮನೆ, ದಿನಾ ಊದಿನಕಡ್ಡಿ ಹಚ್ಚುವ ದೇವರ ಜಗಲಿ, ಸೊಳ್ಳೆಬತ್ತಿ ಇಡುವ ಮೂಲೆ, ಮೂರೂ ಕಡೆ ಇಡಬೇಡಿ. ಧಾರವಾಡದಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಆಪೂಸನ್ನು ಹುಲ್ಲಿನಲ್ಲಿ ಅಡಿ ಹಾಕಿದ ಕೋಣೆಯಲ್ಲಿ ಅರಳಿದ ಹೂವೂ ಎರಡೇ ದಿನಕ್ಕೆ ಮುದುಡುತ್ತದೆ.

ಫೆಬ್ರುವರಿಯಿಂದ ನಮ್ಮಲ್ಲಿ ಒಣಗಾಳಿ ಶುರು. ಅಗಲ ತಟ್ಟೆಯಲ್ಲಿ ಎರಡು ಬೆರಳು ಎತ್ತರ ಬೆಣಚುಕಲ್ಲು ಹಾಕಿ, ಕಲ್ಲಿನ ನೆತ್ತಿಗಿಂತ ಕೆಳಗೆ ನೀರು ನಿಲ್ಲಿಸಿ, ಮೇಲೆ ಕುಂಡ ಇಡಿ. ಕುಂಡದ ತಳಕ್ಕೆ ನೀರು ಮುಟ್ಟಬಾರದು. ಮೊಗ್ಗಿನ ಮೇಲೆ ನೀರು ಸಿಂಪಡಿಸುವುದು ಬೇಡ. ರಾತ್ರಿ ಹನಿ ಉಳಿದರೆ ಬೂದು ಬೂಷ್ಟು ಹಿಡಿದು ದಳದ ಮೇಲೆ ಕಂದು ಚುಕ್ಕೆ ಬೀಳುತ್ತವೆ.

ದಂಟಿನ ಮೇಲೆ, ಮೊಗ್ಗಿನ ತೊಟ್ಟಿನಲ್ಲಿ ಜೇನಿನಂಥ ಅಂಟು ಹನಿ ಕಂಡರೆ ಗಾಬರಿ ಬೇಡ, ಗಿಡವೇ ಬಿಡುವ ಸಿಹಿರಸ ಅದು. ಒದ್ದೆ ಬಟ್ಟೆಯಿಂದ ಒರೆಸಿ, ಯಾಕೆಂದರೆ ಅದಕ್ಕೆ ಇರುವೆ ಬರುತ್ತವೆ. ಹಿಟ್ಟು ತಿಗಣೆ ಸೇರಿಕೊಂಡರೆ ಈ ಇರುವೆಗಳೇ ಅವುಗಳ ಕಾವಲಿಗೆ ನಿಲ್ಲುತ್ತವೆ. ಅಂಟು ಇದ್ದು ಜೊತೆಗೆ ಬಿಳಿ ಹತ್ತಿಯಂಥದ್ದು ಗೆಣ್ಣಿನ ಸಿಪ್ಪೆಯ ಒಳಗೆ, ಎಲೆಯ ಬುಡದಲ್ಲಿ ಕಂಡರೆ ತಿಗಣೆಯೇ. ಔಷಧದ ಅಂಗಡಿಯಲ್ಲಿ ಸಿಗುವ ಸ್ಪಿರಿಟ್‌ನಲ್ಲಿ ಹತ್ತಿಕಡ್ಡಿ ಅದ್ದಿ ಒಂದೊಂದಾಗಿ ಮುಟ್ಟಿಸಿ ತೆಗೆಯಿರಿ. ಐದಾರು ದಿನ ಬಿಟ್ಟು ಮತ್ತೆ, ಹೀಗೆ ಮೂರು ಸಲ. ಮೊದಲ ಸಲಕ್ಕೆ ಸಿಗದ ಮೊಟ್ಟೆ ಆಮೇಲೆ ಒಡೆದು ಬರುತ್ತವೆ. ಸ್ಪಿರಿಟ್ ಮೊಗ್ಗಿಗೆ ತಾಗಿಸಬೇಡಿ. ಬೇವಿನ ಎಣ್ಣೆಯನ್ನು ಮೊಗ್ಗಿಗೆ ಹೊಡೆದರಂತೂ ಮೊಗ್ಗೇ ಸುಡುತ್ತದೆ, ತಿಗಣೆ ಉಳಿಯುತ್ತದೆ.

ಸಪ್ತಾಪುರ ಬಾಲ್ಕನಿ (ಧಾರವಾಡ), ಜನವರಿ 4

ಎಲ್ಲರಿಗೂ ಉಪಕಾರ ಆಯ್ತು ರೀ. ಈಗಿನ ಸ್ಥಿತಿ: ದಂಟು 11 ಸೆಂ.ಮೀ., ಮೂರು ಗೆಣ್ಣು. ಎದುರಿನ ಮೊಳಕೆ ಬೆಳ್ಳಿಬಣ್ಣಕ್ಕೆ ತಿರುಗಿತು, ಬೇರೇ. ನಳದ ನೀರಿನ ಟಿಡಿಎಸ್ 180. 19:19:19 ಅರ್ಧ ಗ್ರಾಂ ಲೆಕ್ಕದಲ್ಲಿ ಎರಡು ಸಲ ಆಗಿದೆ. ಎರಡು ಸಂಶಯ: ಎಲ್ಲಕ್ಕಿಂತ ಕೆಳಗಿನ ಎಲೆ ತುದಿಯಿಂದ ಹಳದಿ ಆಗುತ್ತಿದೆ. ದಂಟು ಕಿಟಕಿಯ ಗಾಜಿನ ಕಡೆ ಬಹಳ ವಾಲಿದೆ, ಇನ್ನು ನಾಲ್ಕು ಬೆರಳು ಹೋದರೆ ಗಾಜಿಗೆ ತಾಗುತ್ತದೆ.

ಕೆಲಗೇರಿ ಕೆರೆದಂಡೆ (ಧಾರವಾಡ), ಜನವರಿ 4

ಕುಂಡವನ್ನು ಕೋಣೆಯ ಒಳಗಡೆಗೆ ಒಂದು ಗೇಣು ಸರಿಸಿ, ತಿರುಗಿಸದೆ. ಗೆರೆ ಕಿಟಕಿಗೇ ಇರಲಿ. ಅಷ್ಟರಿಂದ ಬೆಳಕು ಹೆಚ್ಚೇನೂ ಕಡಿಮೆಯಾಗುವುದಿಲ್ಲ. ಗಾಜಿಗೆ ತಾಗಿದ ತುದಿ ಬೆಳಗಿನ ಚಳಿಗೂ ಕೆಡುತ್ತದೆ, ಹತ್ತು ಗಂಟೆಯ ಬಿಸಿಗೂ ಕೆಡುತ್ತದೆ.

ಹಳದಿ ಎಲೆ ಬಗ್ಗೆ: ಕೆಳಗಿನದು ಒಂದೇ, ನಿಧಾನಕ್ಕೆ, ಎರಡು ಮೂರು ವಾರ ತೆಗೆದುಕೊಂಡು ಹಳದಿಯಾಗಿ ಒಣಗಿದರೆ ವಯಸ್ಸಾಯಿತು ಎಂದಷ್ಟೇ. ಅದರಲ್ಲಿದ್ದ ಸತ್ವವನ್ನು ಗಿಡ ಮೇಲಕ್ಕೆ ಎಳೆದುಕೊಳ್ಳುತ್ತಿದೆ, ಪೂರ್ತಿ ಒಣಗಿ ತಾನೇ ಬಿಡುವವರೆಗೆ ಕೀಳಬೇಡಿ. ಬುಡದಿಂದ ಹಳದಿಯಾಗಿ ಮೆತ್ತಗೆ ನೀರಾಗಿದ್ದರೆ ಅದು ಕೊಳೆ. ಮೇಲಿನ ಎಲೆಗಳು ಸೊರಗಿ, ಉದ್ದಕ್ಕೆ ಸುಕ್ಕು ಬಿದ್ದು, ಚರ್ಮದಂತೆ ಬಾಗಿದರೆ ಬೇರು ನೀರು ಎಳೆಯುತ್ತಿಲ್ಲ ಎಂದರ್ಥ. ಆಗ ಕುಂಡದ ಗೋಡೆಯಲ್ಲಿ ಬೇರು ನೋಡಿ. ಬೂದಿಬಣ್ಣದ ಗಟ್ಟಿ ಬೇರಿದ್ದರೆ ನೀರು ಸಾಲುತ್ತಿಲ್ಲ. ಕಂದು ಬಣ್ಣದ ಪೊಳ್ಳು ಬೇರಿದ್ದರೆ ನೀರು ಹೆಚ್ಚಾಗಿತ್ತು. ಈ ಎರಡನೆಯ ಸ್ಥಿತಿ ಇದ್ದು, ಗಟ್ಟಿ ಎಲೆಯೂ ಮೂರಕ್ಕಿಂತ ಕಡಿಮೆ ಉಳಿದಿದ್ದರೆ, ದಂಟನ್ನು ಬುಡದಿಂದ 2 ಸೆಂ.ಮೀ. ಬಿಟ್ಟು ಕೊಯ್ಯುವುದೇ ಸರಿ. ಅಂಥ ಗಿಡ ಎಲೆಯಲ್ಲಿ ಕೂಡಿಟ್ಟ ನೀರನ್ನೆಲ್ಲ ದಂಟಿಗೆ ಸುರಿದು, ಹೂ ಬಿಟ್ಟು, ಸಾಯುತ್ತದೆ. ನಿಮ್ಮದು ಆ ಲೆಕ್ಕದ್ದಲ್ಲ.

ಹಳೇಹುಬ್ಬಳ್ಳಿ ಅಂಗಳ (ಹುಬ್ಬಳ್ಳಿ), ಜನವರಿ 5

11 ಸೆಂ.ಮೀ. ಅಂದ್ರ ಇನ್ನೊಂದು ವಾರಕ್ಕ ಮೊದಲನೇ ಕ್ಲಿಪ್ ಹಾಕಬಹುದು. ಕಡ್ಡಿಯನ್ನ ಕಿಟಕಿ ಕಡೆ ಇಳಿಸಬ್ಯಾಡ್ರಿ, ಕೋಣಿ ಕಡೆ ಇಳಿಸ್ರಿ. ದಂಟು ಕಿಟಕಿ ಕಡೆ ವಾಲತೈತಿ, ಕಡ್ಡಿ ಅದನ್ನ ಹಿಂದಿಂದ ಹಿಡದಂಗ ಇರಬೇಕು.

ಸಪ್ತಾಪುರ ಬಾಲ್ಕನಿ (ಧಾರವಾಡ), ಜನವರಿ 5

ಕಡೇ ಪ್ರಶ್ನೆ ರೀ. ಹೂ ಮುಗಿದ ಮೇಲೆ ದಂಟು ಎಲ್ಲಿ ಕೊಯ್ಯಬೇಕು? ಪೂರ್ತಿ ತೆಗೆಯಬೇಕು ಅಂತ ಕೆಲವರು, ಬಿಡಬೇಕು ಅಂತ ಕೆಲವರು.

ಬೆಟಗೇರಿ ಮಳೆನೀರು (ಗದಗ), ಜನವರಿ 6

ಇಬ್ಬರೂ ಹೇಳಿದ್ದು ಸರಿ, ನೋಡಬೇಕಾದದ್ದು ತಿಂಗಳು. ಬುಡದಿಂದ ಎರಡನೇ ಅಥವಾ ಮೂರನೇ ಗೆಣ್ಣಿನ ಮೇಲೆ ಒಂದು ಸೆಂಟಿಮೀಟರ್ ಬಿಟ್ಟು ಕೊಯ್ದರೆ ಆ ಗೆಣ್ಣಿನಿಂದ ಟೊಂಗೆ ಒಡೆದು ಎರಡು ಮೂರು ತಿಂಗಳಲ್ಲಿ ಮತ್ತೆ ಹೂ ಬರಬಹುದು, ಸಂಖ್ಯೆ ಕಡಿಮೆ, ಗಾತ್ರ ಸಣ್ಣದು. ಆದರೆ ನಿಮ್ಮ ಹೂ ಮುಗಿಯುವುದು ಮೇ ಹೊತ್ತಿಗೆ. ಆಗಿನ ಸೆಕೆಯಲ್ಲಿ ಆ ಗೆಣ್ಣು ಹೂವಿನ ಬದಲು ಮರಿಗಿಡ ಹಾಕುವ ಸಾಧ್ಯತೆಯೇ ಹೆಚ್ಚು. ಅದಕ್ಕಿಂತ ಬುಡಕ್ಕೆ ಕೊಯ್ದು, ಕುಂಡ ಬದಲಿಸಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡು ದೊಡ್ಡ ಎಲೆ ಬರುವಂತೆ ಮಾಡಿಕೊಳ್ಳಿ. ಮುಂದಿನ ಚಳಿಗೆ ದಂಟು ಗಟ್ಟಿಯಾಗಿ ಬರುತ್ತದೆ. ಕತ್ತರಿಯನ್ನು ಗ್ಯಾಸಿನ ಉರಿಯಲ್ಲಿ ಕಾಯಿಸಿ ಆರಿಸಿಕೊಳ್ಳಿ, ವೈರಸ್ ರೋಗ ಒಂದು ಗಿಡದಿಂದ ಇನ್ನೊಂದಕ್ಕೆ ದಾಟುವುದು ಕತ್ತರಿಯ ಮೂಲಕ. ಕೊಯ್ದ ಬಾಯಿಗೆ ಅರಿಶಿನ ಅಥವಾ ದಾಲ್ಚಿನ್ನಿ ಪುಡಿ ಚಿಟಿಕೆ ಹಚ್ಚುವವರಿದ್ದಾರೆ. ದಾಲ್ಚಿನ್ನಿ ಬೇರಿಗೆ ಬೀಳದಂತೆ ನೋಡಿಕೊಳ್ಳಿ, ಬೇರನ್ನು ಒಣಗಿಸುತ್ತದೆ.

ಕುಂಡ ಬದಲಿಸುವಾಗ 14 ಸೆಂ.ಮೀ.ದಕ್ಕಿಂತ ದೊಡ್ಡದು ತರಬೇಡಿ. ನಡುವಿನ ಪಾಚಿಯ ಉಂಡೆಯನ್ನು ಅವತ್ತು ಬೆರಳಿನಿಂದ ಬಿಡಿಸಿ ತೆಗೆಯಿರಿ.